105ನೇ ಘಾತದಲ್ಲಿ ಅಡಗಿದ್ದ ಎರಡು

ಅಬ್ಬಾ, ಈ ಮೈನಸ್ ಎರಡು ಎಲ್ಲಿಂದ ಬಂತು!

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದರೆ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇಲ್ಲಿನ ಹತ್ತನೇ ಕ್ಲಾಸಿನ ಮಕ್ಕಳೂ ಗಣಿತದಲ್ಲಿ ‘ಬಹುಪದೋಕ್ತಿಗಳು’ ಪಾಠ ಓದುತ್ತಾರೆ. ವರ್ಗ, ಹೆಚ್ಚೆಂದರೆ ಘನ. ಪಾಠ ಅಲ್ಲಿಗೆ ಮುಗಿಯುತ್ತದೆ. ಅಲ್ಲಿಂದಾಚೆ ಎಂಥಾ ಕಾಡಿದೆ ಗೊತ್ತೇ? ಅದರೊಳಕ್ಕೆ ನುಗ್ಗಲು ಕಾಸು ಖರ್ಚಿಲ್ಲದ ದಾರಿಯೂ ಇದೆ: ಜಿಯೋಜೀಬ್ರಾ.

ಹೌದು, ತ್ರಿಕೋನ, ವೃತ್ತ ಎಳೆಯುವ ಅದೇ ಜಿಯೋಜೀಬ್ರಾ! ಆಸ್ಟ್ರಿಯದ ಸಾಲ್ಜ್‌ಬರ್ಗ್‌ನಲ್ಲಿ ಮಾರ್ಕುಸ್ ಹೋಹೆನ್‌ವಾರ್ಟರ್ 2001ರಲ್ಲಿ ಶುರುಮಾಡಿದ್ದು. ಕಳೆದ ದಶಕದಲ್ಲಿ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿ.ಎಸ್.ಇ.ಆರ್.ಟಿ.) ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಕಟ್ಟಿದ ‘ವಿಷಯ ಶಿಕ್ಷಕರ ವೇದಿಕೆ’ಯ ತರಬೇತಿಗಳಲ್ಲಿ ರಾಜ್ಯದ ಸರ್ಕಾರಿ ಪ್ರೌಢಶಾಲೆಗಳ ಗಣಿತ ಮೇಷ್ಟ್ರುಗಳು ಇದನ್ನು ಕಲಿತರು. ಆದರೆ ಇದರ ಹೊಟ್ಟೆಯೊಳಗೆ ಇನ್ನೊಂದು ಯಂತ್ರ ಕೂತಿದೆ: ಫ್ರಾನ್ಸಿನ ಗ್ರೆನೋಬಲ್‌ನ ಗಣಿತಜ್ಞ ಬರ್ನಾರ್ ಪಾರಿಸ್ ರೂಪಿಸಿದ ‘ಜಿಯಾಕ್’. ಅದು ಅಂಕಿಗಳನ್ನಷ್ಟೇ ಅಲ್ಲ, ಅಕ್ಷರಗಳನ್ನೂ ಗುಣಿಸುತ್ತದೆ, ಭಾಗಿಸುತ್ತದೆ, ಒಡೆಯುತ್ತದೆ. ಅದರ ಮೂಲ ಸಂಕೇತವನ್ನು ಯಾರು ಬೇಕಾದರೂ ತೆರೆದು ಓದಬಹುದು, ತಿದ್ದಬಹುದು.

ಜಿಯೋಜೀಬ್ರಾದಲ್ಲಿ ಈ ಯಂತ್ರವನ್ನು ಬಳಸುವ ‘ಸಿ.ಎ.ಎಸ್.’ ನೋಟ ತೆರೆದು, ಎಕ್ಸ್‌ನ 12ನೇ ಘಾತದಿಂದ 1 ಕಳೆದು ‘ಅಪವರ್ತಿಸು’ ಎನ್ನಿ. ಆರು ತುಂಡುಗಳಾಗಿ ಬಿಚ್ಚಿಕೊಳ್ಳುತ್ತದೆ. ಸಹಗುಣಕಗಳನ್ನು ಗಮನಿಸಿ: ಎಲ್ಲವೂ 1 ಇಲ್ಲವೇ ಮೈನಸ್ 1, ಉಳಿದದ್ದು ಸೊನ್ನೆ. 12ರ ಜಾಗಕ್ಕೆ 30 ಹಾಕಿ, 60 ಹಾಕಿ, 100 ಹಾಕಿ. ಅದೇ! ಯಾರಿಗಾದರೂ ಇದೊಂದು ನಿಯಮವೇ ಅನ್ನಿಸಿಬಿಡುತ್ತದೆ. 104ರವರೆಗೂ ಅದು ಅಲುಗಾಡುವುದಿಲ್ಲ.

105 ಹಾಕಿದಿರೋ, ಮುಗಿಯಿತು! ಎಂಟು ತುಂಡುಗಳಲ್ಲಿ ಕೊನೆಯದು 48ನೇ ಘಾತದ ಉದ್ದನೆಯ ಸಾಲು. ಅದರಲ್ಲಿ ಎಕ್ಸ್‌ನ 41ನೇ ಘಾತದ ಮುಂದೆ ಮೈನಸ್ 2, 7ನೇ ಘಾತದ ಮುಂದೆ ಮತ್ತೆ ಮೈನಸ್ 2. 3, 5, 7 ಎಂಬ ಮೂರು ಬೆಸ ಅವಿಭಾಜ್ಯಗಳು ಮೊದಲ ಬಾರಿ ಒಟ್ಟಿಗೆ ಗುಣಿಸಿಕೊಳ್ಳುವುದು 105ರಲ್ಲಿ. ಎರಡೇ ಬೆಸ ಅವಿಭಾಜ್ಯಗಳಿದ್ದರೆ 2 ಹುಟ್ಟಲಾರದು. ಮಿಗೊಟ್ಟಿ ಎಂಬ ಗಣಿತಜ್ಞ 1883ರಲ್ಲೇ ಇದನ್ನು ಕಂಡಿದ್ದ, ಅದೂ ಕೈಲೆಕ್ಕದ ಕಾಲದಲ್ಲಿ! ನನಗೆ ರೋಮಾಂಚನವಾಗುವುದು ಇಲ್ಲಿಯೇ.

ಇಷ್ಟು ದೊಡ್ಡ ಬಹುಪದೋಕ್ತಿಯನ್ನು ಯಂತ್ರ ಒಡೆಯುವುದಾದರೂ ಹೇಗೆ? ಎಲ್ಲವನ್ನೂ ಹಾಕಿ ನೋಡುತ್ತದೆ ಎಂದುಕೊಂಡರೆ ತಪ್ಪು. ಇಂಥ ತಂತ್ರಾಂಶಗಳು ಸಾಮಾನ್ಯವಾಗಿ ಮೊದಲು ಗಡಿಯಾರದ ಲೆಕ್ಕಕ್ಕೆ ಇಳಿಯುತ್ತವೆ. ಹನ್ನೆರಡು ದಾಟಿದ ಮೇಲೆ ಮತ್ತೆ ಒಂದು ಗಂಟೆಯಾಗುವಂತೆ, ಯಾವುದೋ ಅವಿಭಾಜ್ಯದಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಳ್ಳುವ ಪುಟ್ಟ ಜಗತ್ತದು. ಅಲ್ಲಿ ಒಡೆಯುವುದು ಸಲೀಸು. ಹಾಗೆ ಒಡೆಯುವ ವಿಧಾನವನ್ನು ಗಣಿತಜ್ಞ ಬರ್ಲೆಕ್ಯಾಂಪ್ 1967ರಲ್ಲಿ ಕೊಟ್ಟ. ಸಿಕ್ಕ ಚೂರುಗಳನ್ನು ಹಂತಹಂತವಾಗಿ ನಿಜವಾದ ಪೂರ್ಣಾಂಕಗಳ ಜಗತ್ತಿಗೆ ಏರಿಸಿ ಜೋಡಿಸುವ ಉಪಾಯ 1969ರಲ್ಲಿ ಜಾಸೆನ್‌ಹಾಸ್‌ನದು.

ಸರಿ, ಮೈನಸ್ ಚಿಹ್ನೆ ಬದಿಗಿಟ್ಟರೆ 2 ಬಂತು. 3? ಅದು ಕಾಣಿಸಿಕೊಳ್ಳುವುದು 385ರಲ್ಲಿ. 4 ಬೇಕೆಂದರೆ 1365ರವರೆಗೆ ಹೋಗಬೇಕು. ಯಾವ ಪೂರ್ಣಾಂಕವನ್ನೇ ಹೇಳಿ, ಎಲ್ಲೋ ಒಂದು ಕಡೆ ಅದು ಸಹಗುಣಕವಾಗಿ ಬಂದೇ ಬರುತ್ತದೆ ಎಂದು 1987ರಲ್ಲಿ ಸುಜುಕಿ ಎಂಬ ಗಣಿತಜ್ಞ ಸಾಧಿಸಿ ತೋರಿಸಿದ! 5 ಎಲ್ಲಿದೆ? ಪಾವಗಡದಲ್ಲೋ ಕೊರಟಗೆರೆಯಲ್ಲೋ ಕಂಪ್ಯೂಟರ್ ಮುಂದೆ ಕೂತವರು 1365ರಿಂದ ಮುಂದಕ್ಕೆ ಹುಡುಕಿ.