ಉಪ್ಪನ್ನು ಕಾಯುವ ರಸ

ಪ್ರಶ್ನೆ: ಗದ್ದೆಯಲ್ಲಿ ದಿನವಿಡೀ ಬೆವರಿದರೂ ಮೈಯ ಉಪ್ಪು ತೀರಿಹೋಗದಿರುವುದೇಕೆ?
– ಓದುಗರೊಬ್ಬರು, ತಿಳವಳ್ಳಿ

ಉತ್ತರ: ಮೂತ್ರಪಿಂಡಗಳ ನೆತ್ತಿಯ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳ ಹೊರಪದರದಲ್ಲಿ ಸ್ರವಿಸುವ, 1953ರಲ್ಲಿ ವಿಜ್ಞಾನಿಗಳು ಶುದ್ಧರೂಪದಲ್ಲಿ ಬೇರ್ಪಡಿಸಿದ ಆಲ್ಡೊಸ್ಟಿರೋನ್ ಎಂಬ ಹಾರ್ಮೋನೇ ಈ ರಕ್ಷಣೆಯ ಹೊಣೆಯನ್ನು ಹೊತ್ತಿದೆ. ಬೆವರಿನಲ್ಲಿ ನೀರೂ ಲವಣವೂ ವ್ಯಯವಾಗಿ ರಕ್ತದ ಪ್ರಮಾಣ ಕುಗ್ಗಿದೊಡನೆ ಮೂತ್ರಪಿಂಡಗಳು ರೆನಿನ್ ಎಂಬ ಕಿಣ್ವವನ್ನು ಹೊರಸೂಸುವುವು. ಅದರ ಪರಿಣಾಮಪರಂಪರೆಯಿಂದ ಎಚ್ಚೆತ್ತ ಗ್ರಂಥಿಗಳು ಸುರಿಸುವ ಈ ಹಾರ್ಮೋನು, ಮೂತ್ರದೊಡನೆ ಪೋಲಾಗಲಿದ್ದ ಸೋಡಿಯಮ್ಮನ್ನು ರಕ್ತಕ್ಕೆ ಮರಳಿಸಿ, ಪೊಟ್ಯಾಸಿಯಮ್ಮನ್ನು ಹೊರಗಟ್ಟುವುದು. ಉಪ್ಪನ್ನು ಅನುಸರಿಸಿ ನೀರೂ ಹಿಂದಿರುಗುವುದರಿಂದ ರಕ್ತದೊತ್ತಡವು ನೆಲೆಗೊಳ್ಳುವುದು. ಇದೇ ರಸವು ಅತಿಯಾದರೆ ಒತ್ತಡ ಏರುವುದು. ತೀರ ಕೊರತೆಯಾದರೆ ಒತ್ತಡ ಕುಸಿದು ಪ್ರಾಣಕ್ಕೇ ಅಪಾಯವಾದೀತು. ಮಿತಿಯಲ್ಲಿಯೇ ಆರೋಗ್ಯದ ನೆಲೆಯಿದೆ.