ಉಸಿರಿಗೊಂದು ಅಳತೆ, ಮದ್ದಿಗೊಂದು ಅಳತೆ

ವೆಂಟಿಲೇಟರ್ ಹಾಕಬೇಕಾದ ರೋಗಿ ಐಸಿಯುಗೆ ಬಂದಾಗ ನರ್ಸ್ ಕೈಯಲ್ಲಿ ದರ್ಜಿಯ ಟೇಪು ಕಂಡರೆ ಅಚ್ಚರಿಪಡಬೇಡಿ. ಮಲಗಿದವರನ್ನು ನೆತ್ತಿಯಿಂದ ಹಿಮ್ಮಡಿವರೆಗೆ ಅಳೆಯುತ್ತಾರೆ. ಯಂತ್ರ ಒಂದು ಉಸಿರಿಗೆ ಎಷ್ಟು ಗಾಳಿ ತಳ್ಳಬೇಕು ಎಂಬುದು ಎತ್ತರದ ಮೇಲೆ ನಿಂತಿದೆ. ಮನುಷ್ಯ ದಪ್ಪಗಾದರೆ ಹೊಟ್ಟೆ ಬೆಳೆಯುತ್ತದೆ, ಶ್ವಾಸಕೋಶ ಬೆಳೆಯುವುದಿಲ್ಲ. 165 ಸೆಂ.ಮೀ. ಎತ್ತರದ ಗಂಡಸಿಗೆ ಸೂತ್ರದ ಪ್ರಕಾರ ಲೆಕ್ಕಕ್ಕೆ ಹಿಡಿಯುವ ತೂಕ ಸುಮಾರು 61.5 ಕಿಲೋ. ಕಿಲೋಗೆ 6 ಮಿ.ಲೀ.ನಂತೆ ಉಸಿರೊಂದಕ್ಕೆ 370 ಮಿ.ಲೀ. ಆಸುಪಾಸು. ತಕ್ಕಡಿಯಲ್ಲಿ ಅವನು 55 ತೂಗಲಿ, 95 ತೂಗಲಿ, ಗಾಳಿ ಅಷ್ಟೇ.

ಈ 6 ಎಂಬ ಅಂಕಿಗೆ ತೆತ್ತ ಬೆಲೆ ದೊಡ್ಡದು. ಶ್ವಾಸಕೋಶದಲ್ಲಿ ನೀರು ತುಂಬಿ ಅದು ಬಿಗಿದುಕೊಳ್ಳುವ ಎಆರ್‌ಡಿಎಸ್ ಎಂಬ ಸ್ಥಿತಿಯಲ್ಲಿ ಹಿಂದೆ ಕಿಲೋಗೆ 10ರಿಂದ 15 ಮಿ.ಲೀ. ಕೊಡುವುದು ರೂಢಿ. 2000ದಲ್ಲಿ ಅಮೆರಿಕದ ಆಸ್ಪತ್ರೆಗಳ ಗುಂಪೊಂದು 861 ರೋಗಿಗಳ ಅಧ್ಯಯನ ಪ್ರಕಟಿಸಿತು. 12 ಮಿ.ಲೀ. ಪಡೆದವರಲ್ಲಿ ಶೇ 39.8 ಮಂದಿ ತೀರಿಕೊಂಡಿದ್ದರು. 6 ಪಡೆದವರಲ್ಲಿ ಶೇ 31. ಸ್ವಾರಸ್ಯವೆಂದರೆ, ಮೊದಮೊದಲು ಆಮ್ಲಜನಕದ ಅಂಕಿ ಚೆನ್ನಾಗಿದ್ದದ್ದು ಹೆಚ್ಚು ಗಾಳಿ ಪಡೆದವರಲ್ಲಿ! ಮಾನಿಟರಿನ ಅಂಕಿ ಏರುತ್ತಿದ್ದರೂ ಶ್ವಾಸಕೋಶ ಒಳಗೊಳಗೇ ಹಿಗ್ಗಿ ಹರಿಯುತ್ತಿತ್ತು.

ಐಸಿಯು ಎಂಬ ವ್ಯವಸ್ಥೆ ಹುಟ್ಟಿದ್ದು ಕೈಯಿಂದ ಕೊಟ್ಟ ಗಾಳಿಯಿಂದ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹರಡಿ, ಉಸಿರಾಟದ ಸ್ನಾಯುಗಳೇ ಸೋತವರು ಬ್ಲೆಗ್‌ಡಾಮ್ ಆಸ್ಪತ್ರೆಗೆ ಬರತೊಡಗಿದರು. ಉಸಿರಾಡಿಸುವ ಯಂತ್ರಗಳು ಬೆರಳೆಣಿಕೆಯಷ್ಟು. ಅರಿವಳಿಕೆ ವೈದ್ಯ ಬ್ಯೋರ್ನ್ ಇಬ್ಸೆನ್ ಕತ್ತಿನಲ್ಲಿ ರಂಧ್ರ ಮಾಡಿ ನಳಿಕೆ ಇಳಿಸಿ, ರಬ್ಬರ್ ಚೀಲ ಒತ್ತಿ ಗಾಳಿ ಕೊಡುವ ದಾರಿ ತೋರಿಸಿದರು. ನೂರಾರು ವೈದ್ಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಕುಳಿತು ಹಗಲೂ ರಾತ್ರಿಯೂ ಚೀಲ ಒತ್ತಿದರು.

ಗಾಳಿಯ ಲೆಕ್ಕ ಇಷ್ಟಾದರೆ ಔಷಧದ ಲೆಕ್ಕ ಇನ್ನೂ ಜಟಿಲ. ರಕ್ತದೊತ್ತಡ ಕುಸಿದವರಿಗೆ ನೊರ್‌ಅಡ್ರಿನಲಿನ್ ಸಿರಿಂಜ್ ಪಂಪಿನಲ್ಲಿ ಹೋಗುತ್ತದೆ. 50 ಮಿ.ಲೀ.ನಲ್ಲಿ 4 ಮಿಲಿಗ್ರಾಂ ಬೆರೆಸಿದ್ದರೆ, 60 ಕಿಲೋ ರೋಗಿಗೆ ನಿಮಿಷಕ್ಕೆ ಕಿಲೋಗೆ 0.1 ಮೈಕ್ರೋಗ್ರಾಂ ಎಂದರೆ ಗಂಟೆಗೆ 4.5 ಮಿ.ಲೀ. ಅದೇ ಸಿರಿಂಜಿನಲ್ಲಿ 8 ಮಿಲಿಗ್ರಾಂ ಬೆರೆಸಿ ಪಂಪನ್ನು 4.5ರಲ್ಲೇ ಬಿಟ್ಟರೆ ಡೋಸು ಇಮ್ಮಡಿ. ಸಿರಿಂಜಿನ ಮೇಲಿನ ಚೀಟಿಯನ್ನು ಪಾಳಿ ಬದಲಾದಾಗಲೆಲ್ಲ ಇಬ್ಬರು ಓದುವುದು ಅದಕ್ಕೇ. ಆ್ಯಂಟಿಬಯೋಟಿಕ್‌ಗಳ ವಿಷಯದಲ್ಲಿ ಮೂತ್ರಪಿಂಡವೇ ಯಜಮಾನ. ಅದು ಸೋತಿದ್ದರೆ ಹಲವು ಔಷಧಗಳ ಮುಂದಿನ ಡೋಸುಗಳನ್ನು ತಗ್ಗಿಸಬೇಕು ಅಥವಾ ದೂರ ದೂರ ಕೊಡಬೇಕು. ಆದರೆ ಮೊದಲ ಡೋಸನ್ನು ಸಾಮಾನ್ಯವಾಗಿ ಪೂರ್ತಿ ಕೊಡಬೇಕು.

ನಿದ್ರೆಯ ಮದ್ದಿನದು ಬೇರೆಯೇ ಕಥೆ. ಷಿಕಾಗೊ ವಿಶ್ವವಿದ್ಯಾಲಯದ ವೈದ್ಯರು ವೆಂಟಿಲೇಟರ್ ಮೇಲಿದ್ದ 128 ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ದಿನಕ್ಕೊಮ್ಮೆ ಮತ್ತಿನ ಔಷಧ ನಿಲ್ಲಿಸಿ ಎಚ್ಚರಿಸಿ ನೋಡಿದರು. ಹಾಗೆ ಎಚ್ಚರಿಸಿದವರು ಸುಮಾರು 4.9 ದಿನದಲ್ಲಿ ಯಂತ್ರ ಬಿಟ್ಟರು, ಉಳಿದವರಿಗೆ 7.3 ದಿನ ಬೇಕಾಯಿತು. ಹೀಗಾಗಿ ಅಪ್ಪನೋ ಅಮ್ಮನೋ ನಳಿಕೆಯೊಂದಿಗೇ ಕಣ್ಣುಬಿಟ್ಟು ನೋಡಿದರೆ ಮನೆಯವರು ಗಾಬರಿಯಾಗಬೇಕಿಲ್ಲ. ಬಹುತೇಕ ಅದು ಬೇಕೆಂದೇ ಮಾಡಿದ್ದು.

ನಮ್ಮ ಹಳ್ಳಿಗಳಿಂದ ಬರುವ ಎರಡು ಪ್ರಕರಣಗಳಲ್ಲಿ ಎತ್ತರ, ತೂಕ ಎರಡೂ ಮೂಲೆಗೆ ಸರಿಯುತ್ತವೆ. ಆರ್ಗನೋಫಾಸ್ಫರಸ್ ಕೀಟನಾಶಕ ಕುಡಿದವರಿಗೆ ಕೊಡುವ ಅಟ್ರೋಪಿನ್‌ಗೆ ಗರಿಷ್ಠ ಮಿತಿ ಎಂಬುದಿಲ್ಲ. 0.6 ಮಿಲಿಗ್ರಾಂನ ಮೂರು ನಾಲ್ಕು ಆಂಪೂಲ್‌ಗಳಿಂದ ಶುರು. ಐದು ನಿಮಿಷ ಬಿಟ್ಟು ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಬೇಕು. ಗೊರಗೊರ ಸದ್ದು ಹೋಗದಿದ್ದರೆ ಇಮ್ಮಡಿ, ಮತ್ತೆ ಐದು ನಿಮಿಷ, ಮತ್ತೆ ಇಮ್ಮಡಿ. ಎದೆ ತಿಳಿಯಾಗಿ, ನಾಡಿಯೂ ರಕ್ತದೊತ್ತಡವೂ ಏರಿದರೆ ಸಾಕಾಯಿತೆಂದು ಅರ್ಥ. ಮೈ ಕಾದು ರೋಗಿ ಬಡಬಡಿಸಿದರೆ ಅತಿಯಾಯಿತೆಂದು ಅರ್ಥ. ಇಷ್ಟು ಹೊತ್ತು ಹಾಸಿಗೆ ಬಿಟ್ಟು ಕದಲದ ವೈದ್ಯರೊಬ್ಬರು ಅಲ್ಲಿರಬೇಕು.

ಇನ್ನೊಂದು ಕಟ್ಟು ಹಾವು. ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚಿದರೆ ನೋವೇ ಗೊತ್ತಾಗದಿರಬಹುದು. ಬೆಳಗಾಗುವಾಗ ರೆಪ್ಪೆ ಜೋಲುತ್ತದೆ, ನುಂಗಲಾಗುವುದಿಲ್ಲ, ಆಮೇಲೆ ಉಸಿರು ನಿಲ್ಲುತ್ತದೆ. ಪ್ರತಿವಿಷದ ಡೋಸು ಮಗುವಿಗೂ ದೊಡ್ಡವರಿಗೂ ಒಂದೇ. ಹಾವು ಆಳು ನೋಡಿ ವಿಷ ಅಳೆದು ಬಿಡುವುದಿಲ್ಲವಲ್ಲ! ಆದರೆ ನರದ ತುದಿಗೆ ಆಗಿಹೋದ ಹಾನಿಯನ್ನು ಪ್ರತಿವಿಷ ಸರಿಪಡಿಸದು. ನರ ತಾನೇ ಚೇತರಿಸಿಕೊಳ್ಳುವವರೆಗೆ ದಿನಗಟ್ಟಲೆ ವೆಂಟಿಲೇಟರ್ ಬೇಕು. ಬೆರಳೂ ಅಲುಗದ ಆ ರೋಗಿ ಸತ್ತಂತೆ ಕಂಡರೂ ಸುತ್ತಲಿನ ಮಾತೆಲ್ಲ ಕೇಳಿಸಿಕೊಳ್ಳುತ್ತಿರಬಹುದು. ಇಂಥವರಲ್ಲಿ ಎಷ್ಟೋ ಮಂದಿ ನಡೆದುಕೊಂಡೇ ಮನೆಗೆ ಹೋಗುತ್ತಾರೆ. ‘ವೆಂಟಿಲೇಟರ್‌ಗೆ ಹಾಕಿದರು ಅಂದ್ರೆ ಮುಗೀತು’ ಎಂಬ ಊರಮಾತು ಇಲ್ಲಿ ಶುದ್ಧ ಸುಳ್ಳು.

ಕೋವಿಡ್ ಕಾಲದಲ್ಲಿ ಮೈಸೂರಿನ ಸ್ಕ್ಯಾನ್‌ರೇ ಜೊತೆಗೂಡಿ ಬೆಂಗಳೂರಿನ ಬಿಇಎಲ್ 30,000 ವೆಂಟಿಲೇಟರ್ ತಯಾರಿಸಿತು. ಯಂತ್ರ ತಿಂಗಳುಗಳಲ್ಲಿ ಸಿದ್ಧವಾದೀತು, ಅದನ್ನು ನಡೆಸುವ ಕೈಗಳಿಗೆ ವರ್ಷಗಳೇ ಬೇಕು. ತಾಲ್ಲೂಕು ಆಸ್ಪತ್ರೆಗೆ ಯಂತ್ರ ಕೊಟ್ಟು ಫೋಟೊ ಹೊಡೆಸಿಕೊಂಡವರು ನರ್ಸ್‌ಗಳ ತರಬೇತಿಗೂ ಅಷ್ಟೇ ಉತ್ಸಾಹ ತೋರಬೇಕಿತ್ತು.

ಮನೆಯವರ ಕೈಯಲ್ಲೂ ಒಂದಿಷ್ಟು ಕೆಲಸವಿದೆ. ಐಸಿಯು ಬಾಗಿಲಲ್ಲಿ ವೈದ್ಯರು ಕೇಳುವ ಮೊದಲೇ ಹೇಳಿ: ರೋಗಿ ದಿನಾ ನುಂಗುವ ಮಾತ್ರೆಗಳು, ನಾಟಿ ಔಷಧ, ಕುಡಿತ, ಅಲರ್ಜಿ, ಕಿಡ್ನಿ ತೊಂದರೆ. ಕುಡಿದದ್ದು ವಿಷವಾದರೆ ನಾಚಿಕೆಪಡದೆ ಆ ಬಾಟಲಿಯನ್ನೇ ಚೀಲಕ್ಕೆ ಹಾಕಿ ತನ್ನಿ.