ಹಳೆಯ ವಾಹನಕ್ಕೆ ಹೊಸ ಮೈ

ಓಡುವ ವಾಹನದಲ್ಲಿಯೇ ಮಲಗಲು ಮಂಚ, ಅಡಿಗೆಗೆ ಒಲೆ, ನೀರಿಗೆ ತೊಟ್ಟಿ ಇವುಗಳನ್ನು ಅಳವಡಿಸಿಕೊಂಡು ಸಂಸಾರಸಹಿತವಾಗಿ ಊರೂರು ಸಂಚರಿಸುವ ಪದ್ಧತಿ ಪಾಶ್ಚಾತ್ಯ ದೇಶಗಳಲ್ಲಿ ಬಹುಕಾಲದಿಂದ ಇದೆ. ಇಂತಹ ವಾಹನಕ್ಕೆ ಕ್ಯಾರವಾನ್ ಎಂದು ಹೆಸರು. ನಮ್ಮ ನೆರೆಯ ಕೇರಳ ರಾಜ್ಯವು 2021ರಲ್ಲಿ ಕ್ಯಾರವಾನ್ ಪ್ರವಾಸದ ಯೋಜನೆಯನ್ನು ಪ್ರಕಟಿಸಿತು. ಆದರೆ ಹೊಸ ಕ್ಯಾರವಾನಿನ ಬೆಲೆ ಸಾಮಾನ್ಯ ಸಂಸಾರಕ್ಕೆ ನಿಲುಕುವಂತಹುದಲ್ಲ. ಹಳೆಯದೊಂದನ್ನು ಕೊಂಡು ಜೀರ್ಣೋದ್ಧಾರ ಮಾಡಿಸಿದರೆ ಸಾಲದೆ ಎಂಬ ಪ್ರಶ್ನೆ ಆಗ ಏಳುತ್ತದೆ. ಕ್ಯಾರವಾನಿನ ಆಸೆಯಿಲ್ಲದವರಿಗೂ ಮನೆಯ ವ್ಯಾನು, ವ್ಯಾಪಾರದ ಟೆಂಪೋ ಅಥವಾ ಶಾಲೆಯ ಬಸ್ಸಿನ ವಿಷಯದಲ್ಲಿ ಇದೇ ಪ್ರಶ್ನೆ ಒಂದಲ್ಲ ಒಂದು ದಿನ ಎದುರಾಗುತ್ತದೆ. ಇದನ್ನು ತೀರ್ಮಾನಿಸುವ ಕ್ರಮ ಯಾವುದೆಂಬುದನ್ನು ಇಲ್ಲಿ ವಿಚಾರಮಾಡೋಣ.

ಬಸ್ಸು, ಲಾರಿಗಳಂತಹ ವಾಹನಕ್ಕೆ ಮುಖ್ಯವಾಗಿ ಎರಡು ಭಾಗಗಳುಂಟು. ಉದ್ದನೆಯ ಉಕ್ಕಿನ ತೊಲೆಗಳಿಂದಾದ ಚೌಕಟ್ಟು, ಅದರ ಮೇಲೆ ಕುಳಿತ ಇಂಜಿನು, ಗೇರು, ಅಚ್ಚು, ಬ್ರೇಕು ಇವೆಲ್ಲ ಸೇರಿ ಚಾಸಿ ಎನಿಸುತ್ತದೆ. ಕಂಬ, ತಗಡು, ನೆಲಹಾಸು, ಮಾಡು, ಆಸನಗಳು ಸೇರಿದುದು ಬಾಡಿ. ದೇಹದಲ್ಲಿ ಮೂಳೆಗೂ ಚರ್ಮಕ್ಕೂ ಇರುವ ಭೇದವೇ ಇವೆರಡಕ್ಕೂ ಇದೆ. ಮಳೆಯ ನೀರು ಸಂದುಗಳಲ್ಲಿ ಇಳಿದು ಬಾಡಿ ಬೇಗನೆ ಜೀರ್ಣವಾಗುತ್ತದೆ. ದಪ್ಪ ಉಕ್ಕಿನ ಚಾಸಿ ಹೆಚ್ಚು ಕಾಲ ಬಾಳುತ್ತದೆ. ಚಾಸಿ ಗಟ್ಟಿಯಾಗಿದ್ದರೆ ಬಾಡಿಯನ್ನು ತೆಗೆದು ಹೊಸದನ್ನು ಕಟ್ಟಬಹುದು. ಚಾಸಿಯೇ ಕೆಟ್ಟಿದ್ದರೆ ಮೇಲಿನ ಅಲಂಕಾರವೆಲ್ಲ ವ್ಯರ್ಥ.

ಸರಕಾರವೂ ಇದೇ ಮಾರ್ಗವನ್ನು ಹಿಡಿದದ್ದುಂಟು. ತಮಿಳುನಾಡು ಸರಕಾರವು 2023-24ರ ಆಯವ್ಯಯದಲ್ಲಿ 1,000 ಹೊಸ ಬಸ್ಸುಗಳನ್ನು ಕೊಳ್ಳುವುದಕ್ಕೂ 500 ಹಳೆಯ ಬಸ್ಸುಗಳನ್ನು ನವೀಕರಿಸುವುದಕ್ಕೂ ಒಟ್ಟು 500 ಕೋಟಿ ರೂಪಾಯಿಗಳನ್ನು ಮೀಸಲಿಟ್ಟಿತು. ಹಳೆಯ ಚಾಸಿಯ ಮೇಲೆ ಹೊಸ ಬಾಡಿ ಕಟ್ಟಿ ಹಳದಿ ಬಣ್ಣ ಬಳಿದ ಮೊದಲ 100 ಬಸ್ಸುಗಳು 2023ರ ಆಗಸ್ಟಿನಲ್ಲಿ ರಸ್ತೆಗಿಳಿದವು. ಎಲ್ಲವನ್ನೂ ಹೊಸದಾಗಿ ಕೊಳ್ಳಲಿಲ್ಲ. ಎಲ್ಲವನ್ನೂ ಉಳಿಸಿಕೊಳ್ಳಲೂ ಇಲ್ಲ. ಯೋಗ್ಯವಾದುದನ್ನು ಆರಿಸಿ ಉಳಿಸಿಕೊಂಡರು ಎಂಬುದನ್ನು ನಾವು ಗಮನಿಸಬೇಕು.

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ನೆಲಕ್ಕೆ ಈ ವಿದ್ಯೆ ಹೊಸದಲ್ಲ. ಸೂಲೂರಿನ ಬಳಿಯ ಕಲಂಗಲ್ ಗ್ರಾಮದಲ್ಲಿ 1893ರಲ್ಲಿ ಜನಿಸಿದ ಜಿ. ಡಿ. ನಾಯ್ಡು ಅವರು ತಾರುಣ್ಯದಲ್ಲಿ ಆಂಗ್ಲ ಅಧಿಕಾರಿಯೊಬ್ಬರ ಮೋಟಾರು ಸೈಕಲನ್ನು ಕೊಂಡು, ಅದನ್ನು ಬಿಚ್ಚಿ ಮತ್ತೆ ಜೋಡಿಸಿ ಯಂತ್ರವಿದ್ಯೆಯನ್ನು ಕಲಿತರೆಂಬುದು ಪ್ರಸಿದ್ಧವಾಗಿದೆ. ಅವರು 1920ರಲ್ಲಿ ಪೊಳ್ಳಾಚಿಯಿಂದ ಪಳನಿಗೆ ಒಂದೇ ಒಂದು ಬಸ್ಸನ್ನು ಓಡಿಸಲು ತೊಡಗಿದರು. ಅದೇ ಮುಂದೆ ಯೂನಿವರ್ಸಲ್ ಮೋಟಾರ್ ಸರ್ವಿಸ್ ಎಂಬ ದೊಡ್ಡ ಸಂಸ್ಥೆಯಾಯಿತು. ಅವರ ಹೆಸರನ್ನು ಹೊತ್ತ ಕಾರುಗಳ ವಸ್ತುಸಂಗ್ರಹಾಲಯವು ಕೊಯಮತ್ತೂರಿನ ಅವಿನಾಶಿ ರಸ್ತೆಯಲ್ಲಿದೆ. ಹಳೆಯ ಯಂತ್ರಗಳು ಜೋಪಾನದಿಂದ ಎಷ್ಟು ಕಾಲ ಬಾಳಬಲ್ಲವೆಂಬುದನ್ನು ವಿದ್ಯಾರ್ಥಿಗಳು ಅಲ್ಲಿ ಪ್ರತ್ಯಕ್ಷವಾಗಿ ನೋಡಬಹುದು.

ಹಳೆಯ ವಾಹನವನ್ನು ಪರೀಕ್ಷಿಸುವಾಗ ಕಣ್ಣು ಬಣ್ಣದ ಮೇಲೆ ಬೀಳಬಾರದು. ಮೊದಲು ಕೆಳಗೆ ಬಗ್ಗಿ ಚೌಕಟ್ಟನ್ನು ನೋಡಬೇಕು. ಸ್ಪ್ರಿಂಗುಗಳನ್ನು ಬಿಗಿದ ಕಡೆಗಳಲ್ಲಿಯೂ ಅಡ್ಡತೊಲೆಗಳ ಸಂದುಗಳಲ್ಲಿಯೂ ಬಿರುಕಿದೆಯೆ, ತುಕ್ಕು ಪದರಪದರವಾಗಿ ಏಳುತ್ತಿದೆಯೆ ಎಂದು ಪರೀಕ್ಷಿಸಬೇಕು. ಸುತ್ತಿಗೆಯಿಂದ ಮೆಲ್ಲಗೆ ಬಡಿದರೆ ಗಟ್ಟಿ ಉಕ್ಕು ಖಣಿಲೆನ್ನುತ್ತದೆ. ತುಕ್ಕು ತಿಂದುದು ಮಂಕು ಸದ್ದು ಮಾಡುತ್ತದೆ. ಇಂಜಿನು ಸವೆದಿದ್ದರೆ ಅದಕ್ಕೆ ಉಪಾಯವುಂಟು: ಸಿಲಿಂಡರನ್ನು ಕೊರೆದು ಹಿಗ್ಗಿಸಿ, ಅದಕ್ಕೊಪ್ಪುವ ದೊಡ್ಡ ಪಿಸ್ಟನನ್ನು ಹಾಕುತ್ತಾರೆ. ಆದರೆ ಇದನ್ನು ಮಾಡಬಹುದಾದ ಸಲಗಳಿಗೆ ಮಿತಿಯಿದೆ. ಟೈರುಗಳು ಓಡದೆ ನಿಂತಿದ್ದರೂ ಮುದಿಯಾಗುತ್ತವೆ. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳು ಅದರ ಜನ್ಮಪತ್ರಿಕೆ. 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದುದೆಂದು ಅರ್ಥ.

ಇನ್ನು ಲೆಕ್ಕದ ಮಾತು. ಕೊಂಡ ಬೆಲೆಯಿಂದಷ್ಟೇ ಲಾಭನಷ್ಟಗಳನ್ನು ಅಳೆಯಬಾರದು. ಒಟ್ಟು ವೆಚ್ಚವನ್ನು ವಾಹನವು ಬಾಳುವ ವರ್ಷಗಳಿಂದ ಭಾಗಿಸಬೇಕು. ಹೊಸ ವಾಹನಕ್ಕೆ 24 ಲಕ್ಷ ರೂಪಾಯಿ, ಅದು 15 ವರ್ಷ ಬಾಳುತ್ತದೆಂದು ಭಾವಿಸೋಣ. ವರ್ಷಕ್ಕೆ 1,60,000 ರೂಪಾಯಿ ಬಿತ್ತು. ಹಳೆಯದಕ್ಕೆ 3 ಲಕ್ಷ ಕೊಟ್ಟು, 4 ಲಕ್ಷ ದುರಸ್ತಿಗೆ ಸುರಿದು, 7 ವರ್ಷ ಓಡಿಸಿದರೆ ವರ್ಷಕ್ಕೆ 1 ಲಕ್ಷ ಮಾತ್ರ. ಆದರೆ ಚೌಕಟ್ಟು ಕೆಟ್ಟು ಅದು 3 ವರ್ಷಕ್ಕೇ ಮೂಲೆ ಸೇರಿದರೆ ವರ್ಷಕ್ಕೆ 2,33,333 ರೂಪಾಯಿ ಆಗುತ್ತದೆ. ಅಗ್ಗವೆಂದು ತಂದುದೇ ಹೊಸದಕ್ಕಿಂತ ದುಬಾರಿಯಾಯಿತು. ಕೆಲಸಕ್ಕೆ ಕೈಹಾಕಿದ ಮೇಲೆ ಬಯಲಾಗುವ ದೋಷಗಳಿಗಾಗಿ ಒಂದಿಷ್ಟು ಹಣವನ್ನು ಬೇರೆಯಾಗಿ ತೆಗೆದಿಡುವುದೂ ಅವಶ್ಯಕ.

ದುರಸ್ತಿಗೂ ಒಂದು ಅನುಕ್ರಮವುಂಟು. ಮೊದಲು ಚೌಕಟ್ಟು, ಬ್ರೇಕು, ಟೈರು. ಬಳಿಕ ಮಾಡಿನ ಸೋರಿಕೆ. ಅನಂತರ ವಿದ್ಯುತ್ತಿನ ತಂತಿಗಳು. ಕಟ್ಟಕಡೆಗೆ ಮಂಚ, ಪರದೆ, ಬಣ್ಣ. ಇದನ್ನು ತಿರುಗುಮುರುಗು ಮಾಡಿದವರು ಸೋರುವ ಮಾಡಿನ ಕೆಳಗೆ ಹೊಸ ಹಾಸಿಗೆಯನ್ನು ಹಾಸಿದಂತಾಗುತ್ತದೆ. ಕ್ಯಾರವಾನಿನಲ್ಲಿ ಇನ್ನೆರಡು ಎಚ್ಚರಿಕೆಗಳು ಬೇಕು. ಒಂದು ಲೀಟರು ನೀರು ಒಂದು ಕಿಲೋ ತೂಗುವುದರಿಂದ 100 ಲೀಟರಿನ ತೊಟ್ಟಿ ತುಂಬಿದರೆ 100 ಕಿಲೋ ಭಾರ ಹೆಚ್ಚುತ್ತದೆ; ಅದು ಒಂದೇ ಪಕ್ಕಕ್ಕೆ ವಾಲದಂತೆ ಕೂಡಿಸಬೇಕು. ಅಡಿಗೆಯ ಅನಿಲವು ಗಾಳಿಗಿಂತ ಭಾರವಾದುದರಿಂದ ಸೋರಿದಾಗ ನೆಲದ ಮೇಲೆಯೇ ನಿಲ್ಲುತ್ತದೆ. ಆದಕಾರಣ ಅದು ಹೊರಹೋಗಲು ನೆಲದ ಮಟ್ಟದಲ್ಲಿಯೇ ಗಾಳಿಗಂಡಿ ಇರಬೇಕು.

ಕಾನೂನನ್ನು ಮರೆಯುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ ತಯಾರಕರು ನಿಗದಿಮಾಡಿದ ಮೂಲ ರಚನೆಯನ್ನು ಮಾಲೀಕನು ಇಚ್ಛೆ ಬಂದಂತೆ ಬದಲಿಸಲಾಗದು. ಸಾಧಾರಣ ವ್ಯಾನನ್ನು ವಾಸದ ವಾಹನವಾಗಿ ಮಾರ್ಪಡಿಸುವ ಮುನ್ನ ಸಾರಿಗೆ ಕಚೇರಿಯಲ್ಲಿ ವಿಚಾರಿಸಲೇಬೇಕು. ಕ್ಯಾರವಾನ್ ಎಂದೇ ನೋಂದಣಿಯಾದುದನ್ನು ಕೊಳ್ಳುವುದು ಕ್ಷೇಮ. ಖಾಸಗಿ ವಾಹನದ ನೋಂದಣಿಯು 15 ವರ್ಷಗಳಿಗೆ ಮುಗಿಯುವುದರಿಂದ, ಮುಂದೆ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಅದನ್ನು ನವೀಕರಿಸಿಕೊಳ್ಳಬೇಕಾಗುತ್ತದೆ.

ಚೌಕಟ್ಟು ಬಿರಿದಿದ್ದರೆ, ಕಾಗದಪತ್ರಗಳು ಸರಿಯಿಲ್ಲದಿದ್ದರೆ, ಬಿಡಿಭಾಗಗಳು ಸಿಗದಿದ್ದರೆ, ಅಂತಹ ವಾಹನದ ಮೋಹವನ್ನು ಬಿಡುವುದೇ ವಿವೇಕ. ಅದರಲ್ಲಿ ಕುಳಿತುಕೊಳ್ಳುವವರು ನಮ್ಮ ಮಕ್ಕಳೆಂಬುದನ್ನು ಪೋಷಕರು ನೆನೆಯಬೇಕು. ಈ ಮೂರೂ ಸರಿಯಾಗಿದ್ದರೆ ಹಳೆಯದೆಂದು ಅಸಡ್ಡೆ ಮಾಡಬೇಕಾದುದಿಲ್ಲ. ವಿದ್ಯಾರ್ಥಿಗಳು ಗಣಿತದ ಭಾಗಾಕಾರವನ್ನೂ ವಿಜ್ಞಾನದ ತುಕ್ಕಿನ ಪಾಠವನ್ನೂ ಶಾಲೆಯಲ್ಲಿ ಕಲಿತಿದ್ದಾರೆ. ಮನೆಯಲ್ಲಿ ಇಂತಹ ಆಲೋಚನೆ ನಡೆಯುವಾಗ ಅವರು ಕಾಗದ, ಪೆನ್ಸಿಲು ಹಿಡಿದು ಹಿರಿಯರ ಪಕ್ಕದಲ್ಲಿ ಕುಳಿತರೆ ಆ ಪಾಠಗಳು ಸಾರ್ಥಕವಾಗುತ್ತವೆ.